ಉಳಿದ ಜೀವ ಮನೆಗೆ ಮರಳಿದ ಮೇಲೆ

ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆ ಕೊಡಿಸುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದಿತು. ಒಬ್ಬ ಗಾಯಾಳುವಿಗೆ ಗರಿಷ್ಠ ₹1.5 ಲಕ್ಷ, ಅಪಘಾತದ ದಿನದಿಂದ ಏಳು ದಿನಗಳವರೆಗೆ. ಸುಪ್ರೀಂ ಕೋರ್ಟ್‌ನಿಂದ ಛೀಮಾರಿ ಹಾಕಿಸಿಕೊಂಡ ಮೇಲೆ ಬಂದ ಯೋಜನೆಯಾದರೂ ಸ್ವಾಗತಾರ್ಹವೇ. ಕರ್ನಾಟಕ ಈ ದಾರಿಯಲ್ಲಿ ಮೊದಲೇ ಹೆಜ್ಜೆ ಇಟ್ಟಿತ್ತು. 2016ರಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕು, ಸಾಯುವ ಗಳಿಗೆಯಲ್ಲೂ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡ ಯುವಕ ಹರೀಶ್ ಹೆಸರಿನಲ್ಲಿ ಮುಖ್ಯಮಂತ್ರಿ ಸಾಂತ್ವನ ಯೋಜನೆ ಬಂತು. ಮೊದಲ 48 ಗಂಟೆಗಳ ಚಿಕಿತ್ಸೆಗೆ ₹25,000 ಭರಿಸುವುದಾಗಿ ಅದು ಹೇಳಿತು.

48 ಗಂಟೆ, ಏಳು ದಿನ. ಕಾಲು ಮುರಿದವನಿಗೆ, ಹೊಟ್ಟೆಗೆ ಪೆಟ್ಟು ಬಿದ್ದವನಿಗೆ ಈ ಅವಧಿ ತಕ್ಕಮಟ್ಟಿಗೆ ಹೊಂದೀತು. ತಲೆಗೆ ತೀವ್ರ ಪೆಟ್ಟು ಬಿದ್ದವನು ಏಳನೇ ದಿನ ಎಲ್ಲಿರುತ್ತಾನೆ? ಬಹಳಷ್ಟು ಸಲ ಇನ್ನೂ ಐಸಿಯುವಿನಲ್ಲಿ, ಗಂಟಲಲ್ಲಿ ಉಸಿರಿನ ನಳಿಕೆ, ಮೂಗಲ್ಲಿ ಆಹಾರದ ನಳಿಕೆ ಹಾಕಿಸಿಕೊಂಡು, ಹೆಸರು ಹಿಡಿದು ಕೂಗಿದರೂ ಕಣ್ಣು ತೆರೆಯದೆ ಮಲಗಿರುತ್ತಾನೆ. ಅವನ ಮಟ್ಟಿಗೆ ಚಿಕಿತ್ಸೆಯ ಬಹುಭಾಗ ಇನ್ನು ಮುಂದಿದೆ. ಆ ಭಾಗಕ್ಕೆ ನಮ್ಮಲ್ಲಿ ಯೋಜನೆಯೂ ಇಲ್ಲ, ವಾರ್ಡೂ ಇಲ್ಲ, ಲೆಕ್ಕವೂ ಇಲ್ಲ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು, 4,43,366 ಮಂದಿ ಗಾಯಗೊಂಡರು ಎಂದು ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಸತ್ತವರ ಸಂಖ್ಯೆ ಪ್ರತಿವರ್ಷ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ. ಗಾಯಗೊಂಡವರಲ್ಲಿ ಎಷ್ಟು ಮಂದಿಯ ತಲೆಗೆ ಪೆಟ್ಟಾಯಿತು, ಅವರಲ್ಲಿ ಎಷ್ಟು ಮಂದಿ ಕೆಲಸಕ್ಕೆ ಮರಳಿದರು, ಎಷ್ಟು ಮಂದಿ ನಡುಮನೆಯ ಮಂಚದ ಮೇಲೆ ಉಳಿದರು ಎಂಬುದು ಆ ವರದಿಯಲ್ಲಿ ಇರುವುದಿಲ್ಲ. ರಸ್ತೆಯೊಂದೇ ಕಾರಣವೂ ಅಲ್ಲ. ಮಿದುಳಿನ ಗಾಯಗಳಲ್ಲಿ ಸುಮಾರು ಶೇ 60ರಷ್ಟು ರಸ್ತೆ ಅಪಘಾತದಿಂದ, ಶೇ 20ರಿಂದ 25ರಷ್ಟು ಬೀಳುವುದರಿಂದ ಆಗುತ್ತವೆ ಎಂದು ನಿಮ್ಹಾನ್ಸ್‌ನ ಅಧ್ಯಯನಗಳು ತೋರಿಸಿವೆ. ಅಡಿಕೆ ಮರದಿಂದ ಬಿದ್ದ ಕೊನೆಗಾರ, ಸಾರುವೆಯಿಂದ ಜಾರಿದ ಗಾರೆ ಕೆಲಸದವ, ಬಚ್ಚಲಲ್ಲಿ ಕಾಲು ಜಾರಿದ ಅಜ್ಜಿ ಎಲ್ಲರೂ ಈ ಲೆಕ್ಕದೊಳಗೆ ಬರುತ್ತಾರೆ.

ಮಿದುಳಿನ ಗಾಯ ಎಂದೊಡನೆ ನಮಗೆ ನೆನಪಾಗುವ ಕಥೆಗಳು ಎರಡೇ ಬಗೆಯವು. ಒಂದು, ಸಾವು ಮತ್ತು ದಾನ. 2021ರ ಜೂನ್‌ನಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕ ನಟ ಸಂಚಾರಿ ವಿಜಯ್ ಅವರ ಕುಟುಂಬ ಅಂಥ ದುಃಖದಲ್ಲೂ ಅಂಗಾಂಗ ದಾನಕ್ಕೆ ಒಪ್ಪಿದ್ದನ್ನು ನಾಡು ಮರೆತಿಲ್ಲ, ಮರೆಯಲೂಬಾರದು. ಇನ್ನೊಂದು, ಪವಾಡ. ತಿಂಗಳುಗಟ್ಟಲೆ ಕೋಮಾದಲ್ಲಿದ್ದವನು ಒಂದು ಬೆಳಿಗ್ಗೆ ಕಣ್ಣು ಬಿಟ್ಟು ‘ಅಮ್ಮಾ’ ಎಂದ ಸಿನಿಮಾ ಕಥೆ. ಹೆಚ್ಚಿನವರ ಬದುಕು ಇವೆರಡರ ನಡುವೆ ಎಲ್ಲೋ ಇದೆ. ಅಲ್ಲಿ ಕಣ್ಣು ತೆರೆಯುವುದಕ್ಕೂ ಎಚ್ಚರಾಗುವುದಕ್ಕೂ ನಡುವೆ ವಾರಗಳಿರುತ್ತವೆ. ಎಚ್ಚರಾದವನು ಮೊದಲಿನ ಮನುಷ್ಯನಾಗುವುದಕ್ಕೆ ವರ್ಷಗಳು ಹಿಡಿಯುತ್ತವೆ, ಕೆಲವರು ಪೂರ್ತಿ ಆಗುವುದೂ ಇಲ್ಲ.

‘ಇನ್ನು ಇಷ್ಟೇ, ಮನೆಗೆ ಕರೆದುಕೊಂಡು ಹೋಗಿ’ ಎಂಬ ಮಾತು ನಮ್ಮ ಆಸ್ಪತ್ರೆಗಳಲ್ಲಿ ಎರಡು–ಮೂರು ವಾರಕ್ಕೇ ಬಂದುಬಿಡುತ್ತದೆ. ಅಮೆರಿಕದ 18 ಟ್ರಾಮಾ ಕೇಂದ್ರಗಳಲ್ಲಿ ನಡೆದ ‘ಟ್ರ್ಯಾಕ್–ಟಿಬಿಐ’ ಅಧ್ಯಯನದ ಫಲಿತಾಂಶವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2021ರಲ್ಲಿ ಪ್ರಕಟವಾದ ಅದರ ಪ್ರಕಾರ, ಮಿದುಳಿಗೆ ತೀವ್ರ ಗಾಯವಾದವರಲ್ಲಿ ಎರಡು ವಾರಕ್ಕೆ ಸಮಾಧಾನಕರ ಸ್ಥಿತಿಯಲ್ಲಿದ್ದವರು ಶೇ 12ರಷ್ಟು ಮಾತ್ರ. ಒಂದು ವರ್ಷಕ್ಕೆ ಆ ಪ್ರಮಾಣ ಶೇ 52ಕ್ಕೆ ಏರಿತ್ತು. ಎರಡು ವಾರವಾದರೂ ಅರಿವಿನ ಸುಳಿವೇ ಕಾಣದೆ ಮಲಗಿದ್ದವರಲ್ಲಿ ಶೇ 78ರಷ್ಟು ಮಂದಿ ವರ್ಷದೊಳಗೆ ಪ್ರಜ್ಞೆಗೆ ಮರಳಿದರು. ಎಲ್ಲರೂ ಗುಣವಾಗುತ್ತಾರೆ ಎಂದು ಇದರ ಅರ್ಥವಲ್ಲ. ಅಂಥ ಭರವಸೆಯನ್ನು ಯಾವ ಮನೆಯವರಿಗೂ ಕೊಡಬಾರದು. ಆದರೆ ಎರಡನೇ ವಾರದಲ್ಲಿ ಆಸೆ ಕೈಬಿಡಲು ವಿಜ್ಞಾನದ ಆಧಾರವಿಲ್ಲ ಎಂದು ಖಚಿತವಾಗಿ ಹೇಳಬಹುದು.

ಕಾಯುವುದರಿಂದ ಮಾತ್ರ ಈ ಫಲ ಬರುವುದಿಲ್ಲ. ಹಾಸಿಗೆಯಲ್ಲಿ ಹಾಗೇ ಬಿಟ್ಟರೆ ದೇಹ ಹಿಂದಕ್ಕೇ ಹೋಗುತ್ತದೆ. ಬೆನ್ನ ಕೆಳಗೆ ಹಾಸಿಗೆ ಹುಣ್ಣು, ಮಡಚಿಕೊಂಡೇ ಬಿಗಿದು ಹೋಗುವ ಮೊಣಕೈ, ನೀರು ಕುಡಿಸುವಾಗ ಶ್ವಾಸಕೋಶಕ್ಕಿಳಿದು ಬರುವ ನ್ಯುಮೋನಿಯಾ. ಮಿದುಳಿಗಾದ ಗಾಯ ಕೊಲ್ಲದವನನ್ನು ಇವು ಕೊಲ್ಲುತ್ತವೆ. ನಾರ್ವೆಯ ಓಸ್ಲೊದಲ್ಲಿ ಅರವತ್ತು ಚಿಲ್ಲರೆ ರೋಗಿಗಳ ಮೇಲೆ ನಡೆದ ಸಣ್ಣ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಐಸಿಯುವಿನಲ್ಲೇ ಪುನಶ್ಚೇತನ ಆರಂಭಿಸಿ, ನಡುವೆ ಕಡಿಯದಂತೆ ಮುಂದುವರಿಸಿದವರಲ್ಲಿ ಶೇ 71ರಷ್ಟು ಮಂದಿಗೆ ವರ್ಷದ ನಂತರ ಒಳ್ಳೆಯ ಫಲ ಸಿಕ್ಕಿತ್ತು. ಜಾಗ ಸಿಗಲೆಂದು ಕಾದು ತಡವಾಗಿ ಶುರು ಮಾಡಿದವರಲ್ಲಿ ಅದು ಶೇ 37. ಸಂಖ್ಯೆ ಚಿಕ್ಕದಿರಬಹುದು, ಆದರೆ ಈ ವಾರ್ಡುಗಳಲ್ಲಿ ದುಡಿದ ಯಾವ ಫಿಸಿಯೊಥೆರಪಿಸ್ಟ್ ಕೂಡ ಇದನ್ನು ಕೇಳಿ ಆಶ್ಚರ್ಯಪಡಲಾರರು.

ಪುನಶ್ಚೇತನ ಎಂದರೆ ಕೈಕಾಲು ಎತ್ತಿಸುವುದು ಎಂಬ ತಿಳಿವಳಿಕೆ ವೈದ್ಯರಲ್ಲೂ ಇದೆ. ಕೈಕಾಲು ಸರಿಯಾಗಿಯೇ ಇರುವ ಒಬ್ಬ ತರುಣನನ್ನು ಒಲೆಯ ಮುಂದೆ ನಿಲ್ಲಿಸಿ, ಒಂದು ಲೋಟ ಕಾಫಿ ಮಾಡಲು ಹೇಳಿ ನೋಡಿ. ಪಾತ್ರೆ ಇಡುತ್ತಾನೆ. ಹಾಲು ಸುರಿಯುತ್ತಾನೆ. ಸಕ್ಕರೆ ಹಾಕುತ್ತಾನೆ. ಒಂದು ನಿಮಿಷ ಬಿಟ್ಟು ಮತ್ತೆ ಸಕ್ಕರೆ ಹಾಕುತ್ತಾನೆ. ಒಲೆ ಹಚ್ಚಿಲ್ಲ. ಹಚ್ಚಿಲ್ಲವೆಂಬುದು ಅವನ ಗಮನಕ್ಕೂ ಬರುವುದಿಲ್ಲ, ಹಾಲು ಕಾಯಲೆಂದು ನಿಂತೇ ಇರುತ್ತಾನೆ. ಅವನಿಗೆ ಕಾಫಿ ಎಂದರೇನು ಗೊತ್ತು, ಒಲೆ ಎಂದರೇನು ಗೊತ್ತು. ಒಂದಾದ ಮೇಲೊಂದು ಎಂದು ಕೆಲಸವನ್ನು ಜೋಡಿಸುವ, ತಪ್ಪಿದರೆ ಎಚ್ಚರಿಸುವ ಮಿದುಳಿನ ಮುಂಭಾಗ ಗಾಯಗೊಂಡಿದೆ. ಆಕ್ಯುಪೇಷನಲ್ ಥೆರಪಿಸ್ಟ್ ಈ ಕೆಲಸವನ್ನು ಐದಾರು ಹೆಜ್ಜೆಗಳಾಗಿ ಬಿಡಿಸುತ್ತಾರೆ, ಹೆಜ್ಜೆಗಳನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ, ಮುಗಿದದ್ದಕ್ಕೆ ಗುರುತು ಹಾಕಿಸುತ್ತಾರೆ. ವಾರಗಳ ಮೇಲೆ ಚೀಟಿಯಲ್ಲಿ ಒಂದೊಂದೇ ಸಾಲು ಕಡಿಮೆಯಾಗುತ್ತದೆ.

ಇದನ್ನು ಹೇಳಿಕೊಡುವವರಿಲ್ಲದ ಮನೆಯಲ್ಲಿ ಏನಾಗುತ್ತದೆ? ‘ನೋಡೋಕೆ ಚೆನ್ನಾಗೇ ಇದಾನೆ, ಸೋಮಾರಿ ಆಗಿದಾನೆ’ ಎನ್ನುತ್ತಾರೆ. ಎಬ್ಬಿಸದಿದ್ದರೆ ಏಳುವುದಿಲ್ಲ, ಹೇಳದಿದ್ದರೆ ಸ್ನಾನವಿಲ್ಲ, ಸಣ್ಣದಕ್ಕೂ ರೇಗಿ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ನೆರೆಯವರಿಗೆ ಅದು ಹುಚ್ಚು, ಅತ್ತೆಗೆ ಸೊಸೆಯ ಕಾಲ್ಗುಣ, ಇನ್ನೊಬ್ಬರಿಗೆ ಹರಕೆ ತೀರಿಸದ್ದರ ಫಲ. ಅವನನ್ನು ಮಗುವಿನಂತೆ ನೋಡಿಕೊಳ್ಳುವವಳು ಹೆಂಡತಿ ಅಥವಾ ತಾಯಿ. ಆಕೆಗೆ ತಿಂಗಳಿಗೊಮ್ಮೆಯೂ ‘ನಿಮ್ಮ ಯಜಮಾನರ ಸಿಟ್ಟು ಗಾಯದ ಭಾಗ, ನಿಮ್ಮ ತಪ್ಪಲ್ಲ’ ಎಂದು ಹೇಳುವವರಿಲ್ಲ. ನನ್ನ ದೃಷ್ಟಿಯಲ್ಲಿ ಈ ಒಂದು ಮಾತು ಹೇಳಿಸುವುದು ಯಾವ ದುಬಾರಿ ಯಂತ್ರಕ್ಕಿಂತಲೂ ತುರ್ತಿನದು.

ಈ ಕೆಲಸಕ್ಕೆ ದೊಡ್ಡ ಸಲಕರಣೆ ಬೇಕಾಗಿಲ್ಲ ಎಂಬುದನ್ನು ನಿಮ್ಹಾನ್ಸ್‌ನ ನ್ಯೂರೊಸೈಕಾಲಜಿ ವಿಭಾಗ ಬಹಳ ಹಿಂದೆಯೇ ತೋರಿಸಿಕೊಟ್ಟಿದೆ. ಗಮನವನ್ನು ಮರಳಿ ಕಟ್ಟಲು ಅವರು ಬಳಸಿದ ಅಭ್ಯಾಸಗಳಲ್ಲಿ ಒಂದು, ಬೆರೆಸಿಟ್ಟ ಕಾಳುಗಳನ್ನು ಬೇರ್ಪಡಿಸುವುದು. ಇನ್ನೊಂದು, ಅಚ್ಚಾದ ಹಾಳೆಯಲ್ಲಿ ಹೇಳಿದ ಅಕ್ಷರವನ್ನು ಹುಡುಕಿ ಹೊಡೆದುಹಾಕುವುದು. ಮೊರದಲ್ಲಿ ಕಾಳು ಹರವಿಕೊಂಡು ಕೂರುವ ಕೆಲಸ ಯಾವ ಹಳ್ಳಿಮನೆಗೂ ಹೊಸತಲ್ಲ. ಓದು ಬರಹ ಬಾರದವರಿಗೂ ಹೊಂದುವಂತೆ ಪರೀಕ್ಷೆಗಳ ಮಾನದಂಡಗಳನ್ನು ರೂಪಿಸಿದ ಕೀರ್ತಿಯೂ ಆ ಸಂಸ್ಥೆಯದೇ. ಮಾತು ಕಳೆದುಕೊಂಡವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಿದುಳಿನ ಗಾಯದಿಂದ ಮಾತು ಕುಂದುವ ಅಫೇಸಿಯಾವನ್ನು ಅಳೆಯುವ ಪರೀಕ್ಷೆ ಕನ್ನಡದಲ್ಲೇ ಸಿದ್ಧವಾಗಿದೆ. ಇಂಗ್ಲಿಷ್ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕನ್ನಡದ ರೋಗಿಯನ್ನು ಅಳೆಯಬೇಕಾದ ಸ್ಥಿತಿ ನಮ್ಮದಲ್ಲ. ಅಷ್ಟರ ಮಟ್ಟಿಗೆ ಕರ್ನಾಟಕ ಅದೃಷ್ಟವಂತ ರಾಜ್ಯ.

ಗುಣವಾಗುವಿಕೆ ಹೇಗೆ ನಡೆಯುತ್ತದೆ ಎನ್ನುವುದಕ್ಕೆ ರಷ್ಯಾದ ನರವಿಜ್ಞಾನಿ ಅಲೆಕ್ಸಾಂಡರ್ ಲ್ಯೂರಿಯಾ ದಾಖಲಿಸಿದ ಸೈನಿಕನ ಪ್ರಕರಣ ನನಗೆ ಪದೇ ಪದೇ ನೆನಪಾಗುತ್ತದೆ. 1943ರಲ್ಲಿ ಯುದ್ಧದಲ್ಲಿ ಗುಂಡು ಅವನ ಮಿದುಳಿನ ಎಡಭಾಗವನ್ನು ಸೀಳಿತ್ತು. ಅಕ್ಷರಗಳೇ ಅಪರಿಚಿತವಾಗಿದ್ದವು. ಪೆನ್ಸಿಲ್ ಹಿಡಿಯುವುದು ಹೇಗೆಂಬುದೂ ಮರೆತಿತ್ತು. ಒಂದೊಂದೇ ಅಕ್ಷರ ನೆನಪಿಸಿಕೊಂಡು ಬರೆಯಲು ಹೋದರೆ ಪ್ರತಿ ಸಲ ಸೋಲು. ಅಕ್ಷರದ ಯೋಚನೆ ಬಿಟ್ಟು, ಕೈ ಎತ್ತದೆ ಇಡೀ ಪದವನ್ನು ಒಂದೇ ಓಟದಲ್ಲಿ ಬರೆಯಲು ಹೇಳಿದಾಗ ಕೈಗೆ ಪದ ಬಂತು! ಹಳೆಯ ರೂಢಿ ಬೆರಳುಗಳಲ್ಲಿ ಉಳಿದಿತ್ತು. ತಾನು ಬರೆದದ್ದನ್ನು ಓದಲು ಒದ್ದಾಡುತ್ತಲೇ ಇಪ್ಪತ್ತೈದು ವರ್ಷಗಳಲ್ಲಿ ಅವನು ಸುಮಾರು 3,000 ಪುಟ ಬರೆದ. ಗಾಯ ವಾಸಿಯಾಗಲಿಲ್ಲ, ಗಾಯವನ್ನು ಬಳಸಿ ಹೋಗುವ ದಾರಿಯೊಂದು ಸಿಕ್ಕಿತು. ಆ ದಾರಿಯನ್ನು ಕಂಡುಕೊಳ್ಳಲು ರೋಗಿಯ ಪಕ್ಕದಲ್ಲಿ ಕುಳಿತು ನೋಡುವ ಒಬ್ಬರು ಬೇಕು.

ಬೀದರ್‌ನಲ್ಲೋ ಕೊಪ್ಪಳದಲ್ಲೋ ಚಾಮರಾಜನಗರದಲ್ಲೋ ಇರುವ ಮನೆಯವರಿಗೆ ಆ ಒಬ್ಬರು ಸಿಗುವುದೆಲ್ಲಿ? ಬಸ್ಸಿನಲ್ಲಿ ಕೂರಿಸಲಾಗದ ಮನುಷ್ಯನನ್ನು ಬಾಡಿಗೆ ವಾಹನದಲ್ಲಿ ಮಲಗಿಸಿಕೊಂಡು ಬೆಂಗಳೂರಿಗೆ ಬಂದು, ಹೊರರೋಗಿ ಸಾಲಿನಲ್ಲಿ ನಿಂತು, ಅರ್ಧ ಗಂಟೆಯ ತರಬೇತಿ ಪಡೆದು ಅದೇ ರಾತ್ರಿ ಹಿಂತಿರುಗುವುದು ಎಷ್ಟು ಸಲ ಸಾಧ್ಯ? ಖಾಸಗಿ ವಿಮೆ ಇದ್ದವರ ಪಾಡೂ ತೀರ ಬೇರೆಯಲ್ಲ. ಬಹುತೇಕ ಪಾಲಿಸಿಗಳು ಡಿಸ್ಚಾರ್ಜ್ ನಂತರದ ಖರ್ಚನ್ನು 60 ಅಥವಾ 90 ದಿನಗಳಿಗೆ ನಿಲ್ಲಿಸುತ್ತವೆ.

ಹೊಸದಾಗಿ ಏನನ್ನೋ ಕಟ್ಟಬೇಕಾಗಿಲ್ಲ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನಲ್ಲಿ ಪ್ರಯೋಗವಾಗಿ ನಡೆದು, ಬೇರೆ ಜಿಲ್ಲೆಗಳಿಗೂ ವಿಸ್ತರಿಸಿದೆ. ಪಾರ್ಶ್ವವಾಯು, ಮೂರ್ಛೆರೋಗ, ಮರೆವಿನ ಕಾಯಿಲೆ, ತಲೆನೋವುಗಳ ಮೇಲೆ ಅದರ ಒತ್ತು. ತಲೆಪೆಟ್ಟಿನಿಂದ ಉಳಿದು ಬಂದವರನ್ನೂ ಇದೇ ಕ್ಲಿನಿಕ್‌ಗಳ ಪಟ್ಟಿಗೆ ಸೇರಿಸಿ, ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಹತ್ತು ಹಾಸಿಗೆ, ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್, ಒಬ್ಬ ವಾಕ್ ಚಿಕಿತ್ಸಕರು, ಒಬ್ಬ ಮನಶ್ಶಾಸ್ತ್ರಜ್ಞರನ್ನು ಕೊಟ್ಟರೆ ಬೆಂಗಳೂರಿನ ದಾರಿ ಅರ್ಧ ಮಂದಿಗೆ ತಪ್ಪುತ್ತದೆ. ಮನೆಗೆ ಹೋಗಿ ನೋಡಲು ಆಶಾ ಕಾರ್ಯಕರ್ತೆಯರಿಗೆ ಎರಡು ದಿನದ ತರಬೇತಿ ಸಾಕು: ಹುಣ್ಣು ಬಂದಿದೆಯೇ, ಫಿಟ್ಸ್ ಮಾತ್ರೆ ನಿಂತಿದೆಯೇ, ನೋಡಿಕೊಳ್ಳುವವಳು ನಿದ್ದೆ ಮಾಡುತ್ತಿದ್ದಾಳೆಯೇ.

ಕಾನೂನಿನ ಕಡೆಯ ಕೊರತೆ ಇನ್ನೂ ಆಳವಾದದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಮಿದುಳಿನ ಗಾಯ ಅದರಲ್ಲಿ ಪ್ರತ್ಯೇಕವಾಗಿ ಇಲ್ಲ. ಕಾಲು ಎಳೆಯುತ್ತಿದ್ದರೆ ಚಲನ ವೈಕಲ್ಯ, ಮಾತು ಹೋಗಿದ್ದರೆ ವಾಕ್ ವೈಕಲ್ಯ ಎಂದು ಪ್ರಮಾಣಪತ್ರ ಸಿಗುತ್ತದೆ. ನಡೆಯುತ್ತಾನೆ, ಮಾತಾಡುತ್ತಾನೆ, ಆದರೆ ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ನೆನಪಿಲ್ಲ, ಹಣ ಎಣಿಸಲಾರ, ಒಬ್ಬನೇ ರಸ್ತೆ ದಾಟಲಾರ. ಇಂಥವನು ಸೌಲಭ್ಯಗಳಿಗೆ ಬೇಕಾದ ಶೇ 40ರ ವೈಕಲ್ಯದ ಗೆರೆ ಮುಟ್ಟಲು ಯಾವ ಕಲಮಿನ ಕೆಳಗೆ ಹೋಗಬೇಕು? ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ ₹1,000 ಭತ್ಯೆಯನ್ನು ರಾಜ್ಯ ಸರ್ಕಾರ 2024–25ರ ಬಜೆಟ್‌ನಲ್ಲಿ ಘೋಷಿಸಿತು. ಮೊತ್ತ ಅತ್ಯಲ್ಪ, ಆದರೆ ಆರೈಕೆಯನ್ನು ದುಡಿಮೆ ಎಂದು ಒಪ್ಪಿದ್ದು ದೊಡ್ಡದು. ಆ ಸಾಲಿಗೆ ಮಿದುಳಿನ ಗಾಯವನ್ನು ಸೇರಿಸಲು ಸಂಸತ್ತಿನ ತಿದ್ದುಪಡಿ ಬೇಕಿಲ್ಲ, ಒಂದು ಆದೇಶ ಸಾಕು.

ಇನ್ನು ಬ್ಯಾಂಕಿನ ಕಿಟಕಿ. ಗಂಡ ಕೋಮಾದಲ್ಲಿದ್ದಾನೆ, ಖಾತೆ ಅವನ ಹೆಸರಲ್ಲಿದೆ, ಆಸ್ಪತ್ರೆಯ ಬಿಲ್ ಬೆಳೆಯುತ್ತಿದೆ. ಹೆಂಡತಿಯ ಸಹಿಗೆ ಬೆಲೆಯಿಲ್ಲ. ಕೋಮಾದಲ್ಲಿರುವವರಿಗೆ ಪೋಷಕರನ್ನು ನೇಮಿಸುವ ಸ್ಪಷ್ಟ ಕಾನೂನು ಇಲ್ಲದ ಕಾರಣ ಕೇರಳ ಹೈಕೋರ್ಟ್ 2019ರಲ್ಲಿ ತಾನೇ ಮಾರ್ಗಸೂಚಿ ರೂಪಿಸಬೇಕಾಯಿತು. ಐಸಿಯು ಹೊರಗೆ ಕುಳಿತ ಹೆಣ್ಣುಮಗಳು ಹೈಕೋರ್ಟ್ ಬಾಗಿಲು ತಟ್ಟಬೇಕು ಎನ್ನುವುದು ಕ್ರೂರ. ಈ ಅಧಿಕಾರವನ್ನು ಜಿಲ್ಲಾ ಮಟ್ಟಕ್ಕೆ ತರಲು ಶಾಸನ ಬೇಕು, ಅದನ್ನು ಕರ್ನಾಟಕವೇ ಮೊದಲು ಮಾಡಬಹುದು.

ಆರೈಕೆಗೆ ಬೆಲೆ ಕಟ್ಟುವುದು ಹೇಗೆಂದು ಸುಪ್ರೀಂ ಕೋರ್ಟ್ 2020ರಲ್ಲಿ ತೋರಿಸಿದೆ. ತಂದೆ ತಾಯಿಯ ಜೊತೆ ಟ್ರ್ಯಾಕ್ಟರ್‌ನಲ್ಲಿ ಹೋಗುತ್ತಿದ್ದ 12 ವರ್ಷದ ಬಾಲಕಿಗೆ ಲಾರಿ ಗುದ್ದಿ ಮಿದುಳಿಗೆ ತೀವ್ರ ಗಾಯವಾಗಿತ್ತು. ಬದುಕಿಡೀ ಒಂಬತ್ತು ತಿಂಗಳ ಕೂಸಿನಂತೆ ಇನ್ನೊಬ್ಬರನ್ನು ಅವಲಂಬಿಸಬೇಕಿತ್ತು. ದಿನದ 24 ಗಂಟೆಗೆ ಇಬ್ಬರು ಸಹಾಯಕಿಯರು, ಒಬ್ಬೊಬ್ಬರಿಗೆ ತಿಂಗಳಿಗೆ ₹5,000, ಅದನ್ನು 18 ವರ್ಷಗಳಿಗೆ ಗುಣಿಸಿ ₹21.6 ಲಕ್ಷವನ್ನು ಸಹಾಯಕಿಯರ ಖರ್ಚಿಗೆಂದೇ ನ್ಯಾಯಪೀಠ ಕೊಟ್ಟಿತು. ಒಟ್ಟು ಪರಿಹಾರ ₹62.27 ಲಕ್ಷಕ್ಕೆ ಏರಿತು. ತಾಯಿ ನೋಡಿಕೊಳ್ಳುತ್ತಾಳಲ್ಲ, ಅದಕ್ಕೇಕೆ ದುಡ್ಡು ಎಂದು ಕೋರ್ಟ್ ಹೇಳಲಿಲ್ಲ.

ಅಲ್ಲಿ ಗುದ್ದಿದ ಲಾರಿ ಇತ್ತು, ಲಾರಿಗೆ ವಿಮೆ ಇತ್ತು. ರಸ್ತೆಗುಂಡಿಗೆ ಬೈಕ್ ಇಳಿಸಿ ತಾನೇ ಬಿದ್ದವನಿಗೆ, ಅಡ್ಡ ಬಂದ ನಾಯಿಯನ್ನು ತಪ್ಪಿಸಲು ಹೋದವನಿಗೆ, ಮಳೆಗಾಲದಲ್ಲಿ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿ ಬಿದ್ದವನಿಗೆ ಎದುರು ಪಕ್ಷವೇ ಇಲ್ಲ. ಅವನ ಮನೆಯಲ್ಲೂ 24 ಗಂಟೆಯ ಕೆಲಸ ಅಷ್ಟೇ ಇದೆ. ಸುಪ್ರೀಂ ಕೋರ್ಟ್ ಹಾಕಿದ ಆ ಲೆಕ್ಕವನ್ನು ಆಧಾರವಾಗಿಟ್ಟುಕೊಂಡು, ಯಾರೂ ಪರಿಹಾರ ಕೊಡದ ಇಂಥ ಗಾಯಾಳುಗಳಿಗೆಂದೇ ರಾಜ್ಯ ಸರ್ಕಾರ ಒಂದು ನಿಧಿ ಸ್ಥಾಪಿಸಲಿ. ಹೆಲ್ಮೆಟ್ ಇಲ್ಲದೆ, ಅತಿವೇಗದಲ್ಲಿ ಓಡಿಸಿ ಸಿಕ್ಕಿಬಿದ್ದವರು ಕಟ್ಟುವ ದಂಡದಲ್ಲಿ ಒಂದು ಪಾಲನ್ನು ಅದಕ್ಕೆ ಮೀಸಲಿಟ್ಟರೆ ಮೊದಲ ವರ್ಷದ ಹಣಕ್ಕೆ ಬೇರೆ ಕಡೆ ಹುಡುಕಬೇಕಾಗಿಲ್ಲ.