ಬಲ್ಬು ಬದಲಾಯಿತು, ಕತ್ತಲೆ ಹಾಗೇ ಉಳಿಯಿತು

ಮರ್ಫಿ ಟೌನಿನ ನನ್ನ ಚಿಕಿತ್ಸಾಲಯಕ್ಕೆ ಬಹಳ ವರ್ಷಗಳಿಂದ ಬರುವ ಅಜ್ಜಿಯೊಬ್ಬರಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ಒಂದೇ ವರ್ಷದಲ್ಲಿ ಅವರು ಮೂರು ಸಲ ಬಿದ್ದರು. ಮೊದಲ ಸಲ ಮೊಣಕೈ ತರಚಿತು. ಎರಡನೆಯ ಸಲ ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಮೂರನೆಯ ಸಲ ಮಣಿಕಟ್ಟಿನ ಮೂಳೆ ಮುರಿಯಿತು. ಮೂರೂ ಸಲ ಬಿದ್ದದ್ದು ನಡುರಾತ್ರಿ, ಬಚ್ಚಲುಮನೆಗೆ ಹೋಗುವಾಗ.

ವೈದ್ಯನಾದವನು ಏನು ಮಾಡುತ್ತಾನೋ ಅದನ್ನೆಲ್ಲ ನಾನು ಮಾಡಿದೆ. ಮಲಗಿಸಿ, ನಿಲ್ಲಿಸಿ ರಕ್ತದೊತ್ತಡ ನೋಡಿದೆ. ರಾತ್ರಿ ಸಕ್ಕರೆ ಇಳಿಯುತ್ತಿದೆಯೇನೋ ಎಂದು ಪರೀಕ್ಷೆ ಮಾಡಿಸಿದೆ. ಒಂದು ಮಾತ್ರೆ ಕಡಿಮೆ ಮಾಡಿ, ಇನ್ನೊಂದನ್ನು ಬದಲಾಯಿಸಿದೆ. ಮಾಡದೇ ಇದ್ದದ್ದು ಒಂದೇ: ಅವರು ಬೀಳುತ್ತಿದ್ದ ಜಾಗವನ್ನು ನೋಡಿರಲಿಲ್ಲ. ಕೈಗೆ ಪಟ್ಟಿ ಹಾಕಿಸಿಕೊಂಡು ಮನೆಯಲ್ಲೇ ಇದ್ದಾಗ ನೋಡಿಬರಲು ಹೋದೆ. ಸಂಜೆ ಐದು ಗಂಟೆ, ಹೊರಗೆ ಇನ್ನೂ ಬಿಸಿಲಿತ್ತು. ಒಳಗೆ ಕಾಲಿಟ್ಟರೆ ನನಗೇ ಏನೂ ಕಾಣಲಿಲ್ಲ.

ಮರ್ಫಿ ಟೌನನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಹೆಂಚಿನ ಮನೆಯಿದ್ದ ಪುಟ್ಟ ನಿವೇಶನಗಳಲ್ಲಿ ಈಗ ಎರಡು, ಮೂರು ಅಂತಸ್ತು ಎದ್ದಿವೆ. ಪಕ್ಕದ ಮನೆಯ ಗೋಡೆಗೆ ನಮ್ಮ ಗೋಡೆ ಅಂಟಿಕೊಂಡಿರುತ್ತದೆ. ನಡುವಿನ ಕೋಣೆಗೆ ಕಿಟಕಿಯಿಲ್ಲ. ಇದ್ದ ಗವಾಕ್ಷಿಯೂ ಮುಚ್ಚಿಹೋಗಿರುತ್ತದೆ. ಅಜ್ಜಿಯ ಹಾಸಿಗೆ ಇರುವುದು ಅಂಥ ಕೋಣೆಯಲ್ಲಿ. ಅಲ್ಲಿಂದ ಬಚ್ಚಲಿಗೆ ಎಂಟು ಹೆಜ್ಜೆ. ನಡುವೆ ಒಂದು ಹೊಸ್ತಿಲು, ಆಮೇಲೆ ಅರ್ಧ ಅಡಿ ತಗ್ಗು. ಮನೆಯಲ್ಲಿದ್ದ ಬಲ್ಬುಗಳೆಲ್ಲ ಎಲ್‌ಇಡಿ. ಅಡುಗೆಮನೆಯಲ್ಲಿ ಒಂಬತ್ತು ವಾಟ್, ಅಜ್ಜಿಯ ಕೋಣೆಯಲ್ಲಿ ಮೂರು ವಾಟ್. ಓಣಿಯಂತಿದ್ದ ಆ ಎಂಟು ಹೆಜ್ಜೆ ಜಾಗಕ್ಕೆ ಏನೂ ಇರಲಿಲ್ಲ.

‘ರಾತ್ರಿ ಎದ್ದಾಗ ಲೈಟ್ ಹಾಕಿಕೊಳ್ಳಬಾರದೇನಮ್ಮ?’ ಎಂದೆ.

‘ಸ್ವಿಚ್ಚು ಆ ಕಡೆ ಗೋಡೇಲಿದೆ ಡಾಕ್ಟ್ರೇ. ಅದನ್ನ ಹಾಕೋಕೆ ಹೋಗೇ ಬಿದ್ದಿದ್ದು’ ಎಂದರು ಅಜ್ಜಿ.

‘ರಾತ್ರಿಯೆಲ್ಲ ಉರಿಯಲಿ ಬಿಡಿ’ ಎಂದರೆ ಅವರ ಮಗನಿಗೆ ಯೂನಿಟ್ಟಿನ ಚಿಂತೆ. 2023ರಲ್ಲಿ ಶುರುವಾದ ಗೃಹಜ್ಯೋತಿ ಯೋಜನೆಯಲ್ಲಿ ಮನೆಮನೆಗೂ ಹಿಂದಿನ ಬಳಕೆಯ ಸರಾಸರಿ ನೋಡಿ ಇಷ್ಟು ಯೂನಿಟ್ ಉಚಿತವೆಂದು ಗೊತ್ತುಮಾಡಿದರು. ಅದನ್ನು ದಾಟಬಾರದೆಂದು ಎಷ್ಟೋ ಮನೆಗಳಲ್ಲಿ ಸಂಜೆಯ ದೀಪಕ್ಕೂ ಲೆಕ್ಕ ಇಡುತ್ತಾರೆ. ಫ್ರಿಜ್ಜು, ಗೀಸರು, ಇಸ್ತ್ರಿಪೆಟ್ಟಿಗೆಗೆ ಯಾರೂ ಲೆಕ್ಕ ಇಡುವುದಿಲ್ಲ. ಅಜ್ಜಿಯ ದೀಪಕ್ಕೆ ಮಾತ್ರ ಇಡುತ್ತಾರೆ! ನಾನು ಅಲ್ಲೇ ಅವರ ಮೊಮ್ಮಗಳ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಲೆಕ್ಕ ಮಾಡಿ ತೋರಿಸಿದೆ. ಓದುಗರೂ ಮಾಡಿ ನೋಡಬಹುದು.

ಹಳೆಯ ಕಾಲದ ‘ಜೀರೋ ಬಲ್ಬು’ ನಿಮಗೆ ನೆನಪಿರಬಹುದು. ಹೆಸರಿಗೆ ಸೊನ್ನೆಯಾದರೂ ಅದು ಸುಮಾರು ಹನ್ನೆರಡರಿಂದ ಹದಿನೈದು ವಾಟ್ ತಿನ್ನುತ್ತಿತ್ತು. ಆಗಿನ ಚಕ್ರದ ಮೀಟರು ಅಷ್ಟು ಸಣ್ಣ ಬಳಕೆಗೆ ಸರಿಯಾಗಿ ತಿರುಗುತ್ತಿರಲಿಲ್ಲವಾದ್ದರಿಂದ ಅದು ಪುಕ್ಕಟೆ ದೀಪವೆಂಬ ಭಾವನೆ ಬೆಳೆಯಿತು. ಹದಿನೈದು ವಾಟಿನ ಅಂಥ ದೀಪ ದಿನಕ್ಕೆ ಎಂಟು ಗಂಟೆ ಉರಿದರೆ ತಿಂಗಳಿಗೆ 3.6 ಯೂನಿಟ್. ಈಗಿನ ಒಂಬತ್ತು ವಾಟಿನ ಎಲ್‌ಇಡಿ ಅಷ್ಟೇ ಹೊತ್ತು ಉರಿದರೆ 2.16 ಯೂನಿಟ್. ಅಂದರೆ ಇಡೀ ಕೋಣೆ ಬೆಳಗುವ ಇಂದಿನ ಬಲ್ಬು ಅಂದಿನ ಮಿಣುಕು ದೀಪಕ್ಕಿಂತ ಕಡಿಮೆ ತಿನ್ನುತ್ತದೆ. ಇನ್ನು ಅರ್ಧ ವಾಟಿನ ರಾತ್ರಿದೀಪವಾದರೆ ತಿಂಗಳಿಗೆ 0.12 ಯೂನಿಟ್; ವರ್ಷವಿಡೀ ಉರಿದರೂ ಒಂದೂವರೆ ಯೂನಿಟ್ ಆಗದು. ಮುರಿದ ಮಣಿಕಟ್ಟಿಗೆ ಆ ಮನೆಯವರು ಎಷ್ಟು ಖರ್ಚು ಮಾಡಿದರೆಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಉಳಿತಾಯದ ದೀಪಗಳನ್ನು ನಾನು ದೂರುತ್ತಿಲ್ಲ. ಹಳೆಯ ಬುರುಡೆ ಬಲ್ಬು ತಿಂದ ವಿದ್ಯುತ್ತಿನ ಬಹುಪಾಲು ಶಾಖವಾಗಿ ಹೋಗುತ್ತಿತ್ತು. 2004ರ ಕೊನೆಯ ಹೊತ್ತಿಗೆ ಬೆಸ್ಕಾಂ ಸಿಎಫ್‌ಎಲ್ ಬಲ್ಬುಗಳನ್ನು ಜನರಿಗೆ ಪರಿಚಯಿಸಿತು, ಅದರ ಬೆಲೆಯನ್ನು ತಿಂಗಳ ಬಿಲ್ಲಿನಲ್ಲಿ ಕಂತಾಗಿ ಕಟ್ಟುವ ಅನುಕೂಲವೂ ಇತ್ತು. 2015ರಲ್ಲಿ ‘ಹೊಸ ಬೆಳಕು’ ಯೋಜನೆಯಲ್ಲಿ ಒಂಬತ್ತು ವಾಟಿನ ಎಲ್‌ಇಡಿ ಬಲ್ಬು ಕಡಿಮೆ ಬೆಲೆಗೆ ಮನೆಮನೆಗೆ ಬಂತು. ಅರವತ್ತು ವಾಟಿನ ಬುರುಡೆ ಬಲ್ಬು ಕೊಡುವಷ್ಟೇ ಬೆಳಕನ್ನು ಅದು ಕೊಡುತ್ತದೆ. ದಿನಕ್ಕೆ ಐದು ಗಂಟೆಯ ಲೆಕ್ಕದಲ್ಲಿ ಅದು ತಿಂಗಳಿಗೆ ಒಂಬತ್ತು ಯೂನಿಟ್ ತಿಂದರೆ ಇದು ತಿನ್ನುವುದು ಒಂದೂಕಾಲು ಯೂನಿಟ್‌ಗಿಂತ ತುಸು ಹೆಚ್ಚು. ಒಳ್ಳೆಯ ಕೆಲಸವೇ. ಆದರೆ ‘ವಾಟ್ ಕಡಿಮೆಯಾದಷ್ಟೂ ಒಳ್ಳೆಯದು’ ಎಂಬ ಅರ್ಧ ಪಾಠವನ್ನಷ್ಟೇ ನಾವು ಕಲಿತೆವು. ಉಳಿದ ಎಂಟು ಯೂನಿಟ್ಟಿನಲ್ಲಿ ಒಂದನ್ನಾದರೂ ಮನೆಯ ಕತ್ತಲ ಮೂಲೆಗೆ ಕೊಡಬೇಕೆಂದು ನಮಗೆ ಯಾರೂ ಹೇಳಲಿಲ್ಲ.

ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗೆ ತಿರುಗುತ್ತದೆ. ಇಪ್ಪತ್ತರ ಹರೆಯದ ಕಣ್ಣಿನೊಳಕ್ಕೆ ಹೋಗುವ ಬೆಳಕಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ ಅರವತ್ತರವರ ಅಕ್ಷಿಪಟವನ್ನು ತಲುಪುತ್ತದೆ. ಆದ್ದರಿಂದ ಮಗನಿಗೆ ‘ಸಾಕಷ್ಟು ಬೆಳಕಿದೆ’ ಎನಿಸುವ ಕೋಣೆ ತಾಯಿಗೆ ಕತ್ತಲೆಯ ಕೋಣೆ. ಪೊರೆ ಬೇರೆ ಬೆಳೆಯುತ್ತಿದ್ದರೆ ಬರಿಯ ಬಲ್ಬು ನೇರ ಕಣ್ಣಿಗೆ ಕುಕ್ಕಿ, ಕಾಲ ಕೆಳಗಿನ ಹೊಸ್ತಿಲು ಮಾಯವಾಗುತ್ತದೆ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಹಿರಿಯರಲ್ಲಿ ಎಷ್ಟೋ ಮಂದಿ ಮತ್ತೆ ಮೊದಲಿನಂತೆ ನಡೆದಾಡುವುದಿಲ್ಲ. ಕೆಲವರು ಏಳುವುದೇ ಇಲ್ಲ.

ಬೀಳುವುದೊಂದೇ ಅಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರು ಸಿರಿಂಜಿನ ಸಣ್ಣ ಗೆರೆಗಳನ್ನು ನೋಡುವುದೂ ಈ ಮಂಕು ಬೆಳಕಿನಲ್ಲೇ. ಹತ್ತರ ಗೆರೆ ಯಾವುದು, ಇಪ್ಪತ್ತರದು ಯಾವುದು ಎಂದು ತಪ್ಪಿದರೆ ಬೆಳಗಿನ ಹೊತ್ತಿಗೆ ಪ್ರಜ್ಞೆಯೇ ಇರಲಿಕ್ಕಿಲ್ಲ. ಮಕ್ಕಳ ವಿಷಯಕ್ಕೆ ಬಂದರೆ, ಮಂದ ಬೆಳಕಿನಲ್ಲಿ ಓದಿದರೆ ಕಣ್ಣು ಹಾಳಾಗುತ್ತದೆಂಬುದು ಪೂರ್ತಿ ನಿಜವಲ್ಲ. ಕಣ್ಣು ದಣಿಯುತ್ತದೆ, ತಲೆ ನೋಯುತ್ತದೆ. ಬಲಗೈಯಲ್ಲಿ ಬರೆಯುವ ಮಗುವಿಗೆ ದೀಪ ಎಡಗಡೆ ಇರಲಿ. ದಿನವೂ ಒಂದಷ್ಟು ಹೊತ್ತು ಹಗಲ ಬೆಳಕಿನಲ್ಲಿ ಆಡಲು ಬಿಡಿ.

ಅಂಗಡಿಗೆ ಹೋದಾಗ ವಾಟ್ ಕೇಳುವುದರ ಜೊತೆಗೆ ಪೊಟ್ಟಣದ ಮೇಲೆ ‘ಲ್ಯೂಮೆನ್’ ಎಷ್ಟೆಂದು ನೋಡಿ. ಬೆಳಕಿನ ಅಳತೆ ಅದು. ವಾಟ್ ಬರಿಯ ಖರ್ಚಿನ ಅಳತೆ. ಬಿಐಎಸ್ ನೋಂದಣಿ ಸಂಖ್ಯೆಯಾಗಲಿ, ಬಿಇಇ ನಕ್ಷತ್ರದ ಚೀಟಿಯಾಗಲಿ ಇಲ್ಲದ ಬಲ್ಬು ಎಷ್ಟೇ ಅಗ್ಗವಾದರೂ ಬೇಡ. ಅಡುಗೆಮನೆ, ಓದುವ ಮೇಜು, ಔಷಧಿ ಇಡುವ ಜಾಗಕ್ಕೆ ಬಿಳಿ ಬೆಳಕು ಸರಿ. ಮಲಗುವ ಕೋಣೆಗೆ 2700ರಿಂದ 3000 ಕೆಲ್ವಿನ್ ಎಂದು ಬರೆದಿರುವ ಹಳದಿ ಬೆಳಕು ಉತ್ತಮ. ನೀಲಿ ಛಾಯೆಯ ಬಿಳಿ ಬೆಳಕು ರಾತ್ರಿ ನಿದ್ದೆಗೆ ಬೇಕಾದ ಮೆಲಟೋನಿನ್ ರಸವನ್ನು ತಗ್ಗಿಸುತ್ತದೆ. ರಾತ್ರಿದೀಪ ಮೇಲೆಲ್ಲೋ ಇದ್ದು ಪ್ರಯೋಜನವಿಲ್ಲ. ಮೊಣಕಾಲಿನ ಎತ್ತರಕ್ಕಿಂತ ಕೆಳಗಿದ್ದು, ನೆಲಕ್ಕೆ ಬೆಳಕು ಬೀಳಬೇಕು. ಮನೆಯಲ್ಲಿ ಹಳೆಯ ಸಿಎಫ್‌ಎಲ್ ಇನ್ನೂ ಇದ್ದು ಒಡೆದುಹೋದರೆ ಕಿಟಕಿ ತೆರೆದು ಸ್ವಲ್ಪ ಹೊತ್ತು ಹೊರಗಿರಿ. ಪೊರಕೆಯಲ್ಲಿ ಗುಡಿಸದೆ ಒದ್ದೆ ಕಾಗದದಿಂದ ಒರೆಸಿ ತೆಗೆಯಿರಿ. ಅದರಲ್ಲಿ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ.

ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಬೆಳಗಿದ್ದು 1905ರಲ್ಲಿ. ಅಜ್ಜಿಯ ಮನೆಯ ಮುಂದಿನ ಬೀದಿಗೆ ಬೆಳಕಿದೆ, ಎದುರಿನ ಗೋಡೆಗೂ ಬೆಳಕಿದೆ. ಹಾಸಿಗೆಯಿಂದ ಬಚ್ಚಲಿನವರೆಗಿನ ಎಂಟು ಹೆಜ್ಜೆಗೆ ಮಾತ್ರ ಇರಲಿಲ್ಲ. ನಾನು ಹೋಗಿಬಂದ ಮರುದಿನ ಮಗ ಹಾಸಿಗೆಯ ತಲೆದೆಸೆಗೆ ಒಂದು ಸ್ವಿಚ್ಚು, ಹೊಸ್ತಿಲ ಬಳಿ ಒಂದು ರಾತ್ರಿದೀಪ, ಓಣಿಗೊಂದು ಬಲ್ಬು ಹಾಕಿಸಿದ. ಹೊಸ್ತಿಲ ಅಂಚಿಗೆ ಮೊಮ್ಮಗಳು ಬಿಳಿ ಬಣ್ಣ ಬಳಿದಳು. ನಾನು ಅಜ್ಜಿಯ ರಕ್ತದೊತ್ತಡದ ಮಾತ್ರೆಯನ್ನು ಮೊದಲಿನ ಪ್ರಮಾಣಕ್ಕೆ ತಂದೆ. ಮೊನ್ನೆ ಪಟ್ಟಿ ಬಿಚ್ಚಿಸಿಕೊಂಡು ಬಂದಿದ್ದರು. ‘ಈ ತಿಂಗಳ ಬಿಲ್ಲು ಏನಾಯಿತಮ್ಮ?’ ಎಂದು ಕೇಳಿದೆ. ‘ಸೊನ್ನೆನೇ ಬಂತು ಡಾಕ್ಟ್ರೇ’ ಎಂದರು.