ಕಪ್ಪೆಯ ಕೂಗಿಗೆ ಬರುವ ನೊರಜು

ಮುಂಗಾರಿನ ಮೊದಲ ಮಳೆ ಬಿದ್ದ ರಾತ್ರಿ ಗದ್ದೆಯ ಬದುವಿನಿಂದ, ತೋಟದ ಬಸಿಗಾಲುವೆಯಿಂದ, ಬೆಟ್ಟದ ಮರಗಳಿಂದ ಕಪ್ಪೆಗಳ ಕೂಗು ಏಳುವುದು ಮಲೆನಾಡಿನವರಿಗೆ ಹೊಸತಲ್ಲ. ಗಂಡುಕಪ್ಪೆ ಹೆಣ್ಣನ್ನು ಕರೆಯುತ್ತಿದೆ ಎಂಬುದು ಶಾಲೆಯ ಮಕ್ಕಳಿಗೂ ತಿಳಿದಿದೆ. ಆದರೆ ಆ ಕರೆಗೆ ಓಗೊಟ್ಟು ಬರುವುದು ಹೆಣ್ಣುಕಪ್ಪೆಯೊಂದೇ ಅಲ್ಲ. ಹಾವು ಬರುತ್ತದೆ, ಗೂಬೆ ಬರುತ್ತದೆ. ಇವುಗಳ ಜೊತೆಗೆ ಜಗತ್ತಿನ ಉಷ್ಣವಲಯದ ಕಾಡುಗಳಲ್ಲಿ ಇನ್ನೊಂದು ಅತಿಥಿಯೂ ಬರುತ್ತದೆ. ಸಾಸಿವೆ ಕಾಳಿನಷ್ಟೇ ಇರುವ ಒಂದು ನೊರಜು. ಕಪ್ಪೆಯ ರಕ್ತವೇ ಅದರ ಆಹಾರ. ವಿಜ್ಞಾನಿಗಳು ಅದರ ಕುಲವನ್ನು ಕೊರೆಥ್ರೆಲ್ಲಾ ಎಂದು ಕರೆದಿದ್ದಾರೆ. ಈ ಸಂಚಿಕೆಯ ಸಂಪಾದಕೀಯವನ್ನು ನಾವು ಇಷ್ಟು ಸಣ್ಣ ಜೀವಿಗೆ ಮೀಸಲಿಟ್ಟಿರುವುದಕ್ಕೆ ಕಾರಣವಿದೆ. ಸಣ್ಣದನ್ನು ಗುರುತಿಸಲಾರದ ಸಮಾಜ ದೊಡ್ಡದನ್ನೂ ಬಹುಕಾಲ ಉಳಿಸಿಕೊಳ್ಳಲಾರದು ಎಂಬುದು ನಮ್ಮ ನಂಬಿಕೆ.

ಈ ನೊರಜಿನ ಉದ್ದ ಒಂದೆರಡು ಮಿಲಿಮೀಟರ್ ಮಾತ್ರ. ಸೊಳ್ಳೆಯಲ್ಲಿರುವಂತೆ ಇದರಲ್ಲಿಯೂ ರಕ್ತ ಹೀರುವುದು ಹೆಣ್ಣು. ಮೊಟ್ಟೆ ಬಲಿಯಲು ಅದಕ್ಕೆ ರಕ್ತ ಬೇಕು. ಆದರೆ ಸೊಳ್ಳೆ ನಮ್ಮ ಉಸಿರನ್ನೂ ಬೆವರಿನ ವಾಸನೆಯನ್ನೂ ಹಿಡಿದು ಬಂದರೆ, ಇದು ಕೂಗಿನ ಜಾಡು ಹಿಡಿದು ಬರುತ್ತದೆ. ಅಮೆರಿಕದ ವಿಜ್ಞಾನಿ ಸ್ಟರ್ಜಿಸ್ ಮೆಕೀವರ್ ಮರಗಪ್ಪೆಗಳ ಮೇಲೆ ಕುಳಿತು ರಕ್ತ ಹೀರುತ್ತಿದ್ದ ಈ ಕೀಟಗಳನ್ನು ಕಂಡು 1977ರಲ್ಲಿ ವರದಿ ಮಾಡಿದರು. ಅನಂತರ ಕಪ್ಪೆಯೇ ಇಲ್ಲದ ಕಡೆ ಅದರ ಕೂಗಿನ ಧ್ವನಿಮುದ್ರಿಕೆಯನ್ನಷ್ಟೇ ನುಡಿಸಿದಾಗಲೂ ಹೆಣ್ಣು ನೊರಜುಗಳು ಬಂದು ಬಲೆಗೆ ಬಿದ್ದವು. ಅಲ್ಲಿಯವರೆಗೆ ಸಂಗ್ರಹಾಲಯಗಳಲ್ಲಿ ಅಪರೂಪವೆನಿಸಿದ್ದ ಕೀಟ, ಹುಡುಕುವ ಕ್ರಮ ತಿಳಿದೊಡನೆ ಹೇರಳವಾಗಿ ಸಿಗತೊಡಗಿತು. ಅದು ಅಪರೂಪವಾಗಿರಲಿಲ್ಲ, ಅದನ್ನು ಎಲ್ಲಿ, ಹೇಗೆ ನೋಡಬೇಕೆಂಬ ಅರಿವು ಅಪರೂಪವಾಗಿತ್ತು.

ಪನಾಮಾ ದೇಶದ ಟುಂಗರಾ ಕಪ್ಪೆಯ ಮೇಲಿನ ಸಂಶೋಧನೆ ಈ ಸಂಬಂಧದ ಆಳವನ್ನು ತೋರಿಸುತ್ತದೆ. ಈ ಗಂಡುಕಪ್ಪೆ ಮೊದಲು ಎಳೆದೆಳೆದು ಕೂಗುತ್ತದೆ. ಬೇಕೆನಿಸಿದರೆ ಅದರ ಕೊನೆಗೆ 'ಚಕ್' ಎಂಬ ಚಿಕ್ಕ ಸದ್ದುಗಳನ್ನು ಸೇರಿಸುತ್ತದೆ. ಹೀಗೆ ಅಲಂಕರಿಸಿದ ಕೂಗನ್ನೇ ಹೆಣ್ಣುಕಪ್ಪೆಗಳು ಹೆಚ್ಚು ಮೆಚ್ಚುತ್ತವೆ. ಆದರೆ ಅದೇ ಅಲಂಕಾರ ಕಪ್ಪೆ ತಿನ್ನುವ ಬಾವಲಿಯನ್ನೂ ಹೆಚ್ಚಾಗಿ ಸೆಳೆಯುತ್ತದೆ. ನೊರಜುಗಳೂ ಅಲಂಕೃತ ಕೂಗಿಗೇ ಹೆಚ್ಚಾಗಿ ಬರುತ್ತವೆಂದು ಷಿಮೆನಾ ಬರ್ನಾಲ್, ಸ್ಟ್ಯಾನ್ಲಿ ರ‍್ಯಾಂಡ್ ಮತ್ತು ಮೈಕೆಲ್ ರಯಾನ್ ಅವರು 2006ರಲ್ಲಿ ತೋರಿಸಿಕೊಟ್ಟರು. ಸಂಗಾತಿಗಾಗಿ ಎತ್ತಿದ ದನಿಗೆ ಕಪ್ಪೆ ರಕ್ತದಲ್ಲಿಯೇ ಸುಂಕ ತೆರುತ್ತದೆ. ರಕ್ತದ ಜೊತೆಗೆ ಟ್ರಿಪನೋಸೋಮ್ ಎಂಬ ಏಕಕೋಶ ಪರಾವಲಂಬಿಯನ್ನೂ ಕೆಲವು ನೊರಜುಗಳು ಕಪ್ಪೆಯಿಂದ ಕಪ್ಪೆಗೆ ದಾಟಿಸುತ್ತವೆ. ಲೆಬನಾನಿನ ಶಿಲಾರಾಳದಲ್ಲಿ ಈ ಕುಟುಂಬದ 12 ಕೋಟಿ ವರ್ಷಗಳಿಗೂ ಹಿಂದಿನ ಪಳೆಯುಳಿಕೆ ದೊರೆತಿದೆ. ಡೈನೋಸಾರುಗಳ ಕಾಲದಿಂದಲೂ ಬಂದ ವಂಶವಿದು.

ಇಂಥ ಜೀವಿಯನ್ನು ಗುರುತಿಸುವುದೂ ವರ್ಗೀಕರಿಸುವುದೂ ಸುಲಭವಲ್ಲ. ಕೊಕಿಲೆಟ್ ಎಂಬ ಕೀಟಶಾಸ್ತ್ರಜ್ಞ 1902ರಲ್ಲಿ ಕೊರೆಥ್ರೆಲ್ಲಾ ಎಂಬ ಕುಲವನ್ನು ಸ್ಥಾಪಿಸಿದ ಮೇಲೆ ಅದರ ನೆಲೆ ಹಲವು ಸಲ ಬದಲಾಯಿತು. ಮೊದಲು ಸೊಳ್ಳೆಗಳ ಬಳಗದಲ್ಲಿ ಎಣಿಸಿದರು. ಬಳಿಕ ಕೆರೆಗಳಲ್ಲಿ ಗಾಜಿನಂಥ ಪಾರದರ್ಶಕ ಮರಿಗಳನ್ನು ಬಿಡುವ ಕೆಯೊಬೊರಿಡೇ ಕುಟುಂಬದೊಳಗೆ ಸೇರಿಸಿದರು. 1989ರಲ್ಲಿ ವುಡ್ ಮತ್ತು ಬೋರ್ಕೆಂಟ್ ಎಂಬ ವಿಜ್ಞಾನಿಗಳು ಅಂಗರಚನೆಯನ್ನು ಕೂಲಂಕಷವಾಗಿ ತೂಗಿ ನೋಡಿ, ಇದು ಸ್ವತಂತ್ರ ಕುಟುಂಬವೆಂದು ಪ್ರತಿಪಾದಿಸಿದರು. ಸೊಳ್ಳೆಗಿರುವ ನೀಳ ಸೊಂಡಿಲು ಇದಕ್ಕಿಲ್ಲ. ಬಾಯಿ ಗಿಡ್ಡ, ಅದರಲ್ಲಿ ಗರಗಸದಂಥ ಹಲ್ಲುಗಳು. ರೆಕ್ಕೆಯ ನರಗಳ ವಿನ್ಯಾಸ, ರೆಕ್ಕೆಯ ಮೇಲಿನ ಕಪ್ಪು ಪಟ್ಟೆಗಳು, ಕಾಲಿನ ಬಣ್ಣ, ಗಂಡಿನ ಜನನಾಂಗದ ಆಕಾರ, ಇವನ್ನೆಲ್ಲ ಸೂಕ್ಷ್ಮದರ್ಶಕದಡಿ ಹೋಲಿಸಿದ ಬಳಿಕವೇ ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರ್ಪಡಿಸಲು ಸಾಧ್ಯ. ಕೆನಡಾದ ಆರ್ಟ್ ಬೋರ್ಕೆಂಟ್ ಜಗತ್ತಿನ ಕಪ್ಪೆ ಕಚ್ಚುವ ನೊರಜುಗಳೆಲ್ಲವನ್ನೂ ಪರಿಶೀಲಿಸಿ 2008ರಲ್ಲಿ ಒಂದು ಬೃಹತ್ ಗ್ರಂಥವನ್ನು ಪ್ರಕಟಿಸಿದರು. ಇಂದು ತಿಳಿದಿರುವ ಜೀವಂತ ಪ್ರಭೇದಗಳು ನೂರನ್ನು ಮೀರಿವೆ, ಬಹುಪಾಲು ಉಷ್ಣವಲಯದವು.

ಈ ಕಥೆಗೆ ನಮ್ಮ ನಾಡಿನ ನಂಟೂ ಇದೆ. ಕಲ್ಕತ್ತೆಯ ಭಾರತೀಯ ಸಂಗ್ರಹಾಲಯದಲ್ಲಿದ್ದ, ಮುಂದೆ 1916ರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯವನ್ನು ಕಟ್ಟಿದ ನೆಲ್ಸನ್ ಆನಂಡೇಲ್ 1911ರಲ್ಲಿಯೇ ಸಿಲೋನಿನ (ಇಂದಿನ ಶ್ರೀಲಂಕಾ) ಇಂಥದೊಂದು ಕೀಟವನ್ನು ವಿವರಿಸಿ, ಗಿಡ್ಡ ಸೊಂಡಿಲಿನ ಹೊಸ ಕುಲವೆಂದು ಭಾವಿಸಿ ರಾಮ್ಸಿಯಾ ಎಂದು ಹೆಸರಿಟ್ಟರು. ಆ ಹೆಸರು ನಿಲ್ಲಲಿಲ್ಲ. ಕೀಟವು ಕೊರೆಥ್ರೆಲ್ಲಾ ಕುಲಕ್ಕೆ ಸೇರಿತು. ಅದು ಕಪ್ಪೆಯ ರಕ್ತ ಹೀರುವ ವಂಶದ್ದೆಂದು ಅಂದು ಆನಂಡೇಲರಿಗೆ ತಿಳಿಯುವ ಸಾಧ್ಯತೆಯೇ ಇರಲಿಲ್ಲ. ಆ ಅರಿವು ಬರಲು ಇನ್ನೂ 66 ವರ್ಷ ಬೇಕಾಯಿತು. ಹೆಸರಿಡುವುದು ತಿಳಿವಳಿಕೆಯ ಕೊನೆಯಲ್ಲ, ಮೊದಲ ಮೆಟ್ಟಿಲು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಕಪ್ಪೆಯ ರಕ್ತ ಹೀರುವ ನೊರಜು ಉಳಿದರೇನು, ಅಳಿದರೇನು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಇದರ ಮರಿಗಳು ಬೆಳೆಯುವುದು ಮರದ ಪೊಟರೆಯಲ್ಲಿ, ಎಲೆಗಳ ಬುಡದಲ್ಲಿ, ಹೊಂಡದ ಅಂಚಿನಲ್ಲಿ ನಿಂತ ಅಂಗೈಯಗಲದ ನೀರಿನಲ್ಲಿ. ಹಿಡಿಯಲು ಒಗ್ಗಿದ ಕುಡಿಮೀಸೆಗಳಿಂದ ಅವು ನೀರಿನ ಇತರ ಸಣ್ಣ ಜೀವಿಗಳನ್ನು ಬೇಟೆಯಾಡುತ್ತವೆ. ಫ್ಲಾರಿಡಾದ ಮರದ ಪೊಟರೆಗಳಲ್ಲಿ ಇವು ಸೊಳ್ಳೆಯ ಮರಿಗಳನ್ನು ತಿನ್ನುವುದು ದಾಖಲಾಗಿದೆ. ಡೆಂಗಿಯನ್ನು ಹರಡಬಲ್ಲ ಏಷ್ಯಾ ಮೂಲದ ಹುಲಿ ಸೊಳ್ಳೆಯ ಮರಿಗಳೂ ಅವುಗಳಲ್ಲಿ ಸೇರಿವೆ. ಆದರೆ ಉಪಯೋಗವೊಂದನ್ನೇ ಅಳತೆಗೋಲಾಗಿ ಹಿಡಿಯುವುದು ಸರಿಯಲ್ಲ. ಪೊಟರೆಯಲ್ಲಿ ನೀರಿದ್ದು, ಕಾಡಿನಲ್ಲಿ ಕಪ್ಪೆಯ ಕೂಗಿದ್ದು, ಎರಡೂ ಒಂದಕ್ಕೊಂದು ಹತ್ತಿರವಿದ್ದರೆ ಮಾತ್ರ ಈ ಕೀಟ ಬದುಕಬಲ್ಲದು. ಆದ್ದರಿಂದ ಅದಿರುವ ಕಾಡು ಇನ್ನೂ ಹರಿದು ಚೂರಾಗಿಲ್ಲವೆಂದು ತಿಳಿಯಬಹುದು. ಜಗತ್ತಿನ ಉಭಯವಾಸಿಗಳಲ್ಲಿ ಶೇಕಡಾ 41ರಷ್ಟು ಪ್ರಭೇದಗಳು ಅಳಿವಿನ ಭೀತಿಯಲ್ಲಿವೆ ಎಂದು 2023ರ ಜಾಗತಿಕ ಅಧ್ಯಯನ ಹೇಳಿತು. ಕಪ್ಪೆ ಹೋದರೆ ಅದನ್ನೇ ನೆಚ್ಚಿದ ಜೀವಿಗಳೂ ಹೋಗುತ್ತವೆ. ಹೆಸರೇ ಇಲ್ಲದವು ಲೆಕ್ಕಕ್ಕೂ ಸಿಗದೆ ಹೋಗುತ್ತವೆ.

ನಮ್ಮ ಘಟ್ಟದಲ್ಲಿ ಕಪ್ಪೆಗಳ ಗುರುತೇ ಇನ್ನೂ ಮುಗಿದಿಲ್ಲ. ಉತ್ತರ ಕನ್ನಡದ ಕತ್ತಲೆಕಾನಿನ ತೊರೆಗಳಲ್ಲಿ ಹೆಣ್ಣಿಟ್ಟ ಮೊಟ್ಟೆಗಳಿಗೆ ಗಂಡು ಕೆಸರು ಮೆತ್ತುವ ಕಪ್ಪೆಗೆ 'ಕುಂಬಾರ' ಎಂಬ ಕನ್ನಡದ ಹೆಸರು ವಿಜ್ಞಾನದಲ್ಲಿ ದೊರೆತದ್ದು 2014ರಲ್ಲಿ. ಕಣ್ಣಿಗೆ ಕಾಣುವ ಕಪ್ಪೆಯ ಗತಿಯೇ ಇದಾದರೆ, ಅದರ ಮೂಗಿನ ಹೊಳ್ಳೆಯ ಬಳಿ ಕೂರುವ ಎರಡು ಮಿಲಿಮೀಟರ್ ಕೀಟದ ಗತಿಯೇನು? ಅಣೆಕಟ್ಟಿಗೋ ಹೆದ್ದಾರಿಗೋ ಕಾಡು ಕಡಿಯುವ ಮುನ್ನ ಸಿದ್ಧವಾಗುವ ಪರಿಣಾಮ ವರದಿಗಳಲ್ಲಿ ಹುಲಿ, ಆನೆ, ದೊಡ್ಡ ಮರಗಳ ಪಟ್ಟಿ ಇರುತ್ತದೆ. ಗುರುತಿಸಬಲ್ಲವರೇ ಇಲ್ಲದ ಜೀವಿ ಪಟ್ಟಿಗೆ ಸೇರುವುದಿಲ್ಲ. ಪಟ್ಟಿಯಲ್ಲಿಲ್ಲದ್ದಕ್ಕೆ ನಷ್ಟವೂ ಇಲ್ಲವೆಂಬ ತೀರ್ಮಾನವಾಗುತ್ತದೆ. ವರ್ಗೀಕರಣಶಾಸ್ತ್ರ ಕೇವಲ ಪಂಡಿತರ ಕಸರತ್ತಲ್ಲ, ಅದು ನ್ಯಾಯದ ಪ್ರಶ್ನೆಯೂ ಹೌದು ಎಂದು ನಾವು ಹೇಳುವುದು ಇದಕ್ಕಾಗಿಯೇ.

ಹಾಗಾದರೆ ನಾವು ಮಾಡಬಹುದಾದದ್ದೇನು? ಮೊದಲನೆಯದು, ಸೊಪ್ಪಿನ ಬೆಟ್ಟಗಳಲ್ಲಿಯೂ ಕಾನುಗಳಲ್ಲಿಯೂ ಪೊಟರೆ ಬಿದ್ದ ಮುದಿ ಮರಗಳನ್ನು 'ಕೆಲಸಕ್ಕೆ ಬಾರದವು' ಎಂದು ಕಡಿಯದಿರುವುದು. ಎರಡನೆಯದು ಅಡಿಕೆ ಬೆಳೆಗಾರರಿಗೆ ಸಂಬಂಧಿಸಿದ್ದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳೂ ಕಪ್ಪೆಗಳು ಕೂಗುವ ದಿನಗಳೂ ಒಂದೇ. ಬೆಳೆ ಉಳಿಯಬೇಕು, ಸಿಂಪಡಣೆ ನಿಲ್ಲಿಸಿರೆಂದು ನಾವು ಹೇಳುವುದಿಲ್ಲ. ಆದರೆ ಮೈಲುತುತ್ತದ ತಾಮ್ರ ನೀರಿನ ಜೀವಿಗಳಿಗೆ ವಿಷ. ಉಳಿದ ದ್ರಾವಣವನ್ನು ಹಳ್ಳಕ್ಕೆ ಚೆಲ್ಲದಿರುವುದು, ಪೀಪಾಯಿ ಪಂಪುಗಳನ್ನು ಹರಿಯುವ ನೀರಿನಲ್ಲಿ ತೊಳೆಯದಿರುವುದು ಪ್ರತಿಯೊಬ್ಬರ ಕೈಯಲ್ಲಿರುವ ಕೆಲಸ.

ಮೂರನೆಯದು ವಿದ್ಯಾರ್ಥಿಗಳ ಪಾಲಿನದು. ಕೂಗುವ ಕಪ್ಪೆಯ ಮೇಲೆ ದೂರದಿಂದ ಮಂದ ಬೆಳಕು ಬಿಟ್ಟು, ಮುಟ್ಟದೆ, ಅದರ ತಲೆ ಬೆನ್ನುಗಳ ಮೇಲೆ ನೊರಜು ಕುಳಿತಿದೆಯೇ ನೋಡಿ. ದಿನಾಂಕ, ಹೊತ್ತು, ಮಳೆ, ಜಾಗ, ಕಪ್ಪೆಯ ಕೂಗಿನ ರೀತಿ, ಇಷ್ಟನ್ನು ಬರೆದಿಡಿ. ಆದರೆ ಫೋಟೊ ತೆಗೆದಿಡಿ. ಕೀಟವನ್ನಾಗಲಿ ಕಪ್ಪೆಯನ್ನಾಗಲಿ ಹಿಡಿಯಬೇಡಿ. ಅನುಮತಿಯಿಲ್ಲದೆ ಕಾಡಿನಿಂದ ಏನನ್ನೂ ತರುವಂತಿಲ್ಲ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ನಿಮ್ಮ ಊರಿನ ದಾಖಲಾತಿಯನ್ನು ಕೇಳಿ ಪಡೆದು ಓದಿರಿ. ಅದರಲ್ಲಿ ಕಪ್ಪೆಗಳ ಪುಟ ಖಾಲಿಯಿದ್ದರೆ ಈ ಮಳೆಗಾಲದಲ್ಲಿ ತುಂಬಿಸಿರಿ. ಊರಿನ ಹಿರಿಯರು ಒಂದೊಂದು ಕೂಗಿಗೂ ಕೊಟ್ಟ ಹೆಸರುಗಳನ್ನು ಕೇಳಿ ಬರೆದುಕೊಳ್ಳಿರಿ. ಆ ಹೆಸರುಗಳೂ ಕಾಡಿನಷ್ಟೇ ವೇಗವಾಗಿ ಮರೆಯಾಗುತ್ತಿವೆ.

ಒಂದು ಕೀಟದ ಹೆಸರಿನಿಂದ ಒಂದು ಕಾಡು ಉಳಿಯಿತೆಂದು ನಾವು ಭ್ರಮಿಸುವುದಿಲ್ಲ. ಆದರೆ ನಾಳೆ ಯಾರಾದರೂ ಈ ಬೆಟ್ಟದಲ್ಲಿ ಏನಿದೆ ಎಂದು ಕೇಳಿದಾಗ 'ಬರೀ ಗಿಡಗಂಟಿ' ಎಂಬ ಉತ್ತರ ನಮ್ಮವರ ಬಾಯಿಂದ ಬಾರದಿರಲಿ. ಏನಿದೆ ಎಂದು ಬಲ್ಲವರು ಊರೂರಿನಲ್ಲಿ ನಾಲ್ಕು ಜನರಿದ್ದರೂ ಸಾಕು, ಉಳಿಸುವ ಮಾತಿಗೆ ಬಲ ಬರುತ್ತದೆ.