ತಳಿ ಹೆಸರು ಕೇಳದೆ ಸ್ಟ್ರಾಬೆರಿ ಸಸಿ ತರಬ್ಯಾಡ್ರಿ

ಹೋದ ವಾರದಿಂದ ನಾಲ್ಕು ಜನ ಫೋನ್ ಮಾಡಿದರು. "ಕಾಕಾ, ಸ್ಟ್ರಾಬೆರಿ ಸಸಿ ಎಲ್ಲಿ ಸಿಗ್ತಾವರಿ?" ಯಾವ ತಳಿ ಬೇಕಪಾ ಅಂದ್ರ, "ಛಲೋದು ಯಾವುದಿದ್ರೂ ನಡೀತೈತ್ರಿ" ಅಂತಾರ. ಎಲ್ಲಿಯ ಬೀಜ ಅಂತ ಹತ್ತು ಸಲ ಕೇಳದೆ ಒಂದು ಚೀಲ ಆಲೂಗಡ್ಡೆ ತರೋದಿಲ್ಲ ನಾವು. ಸ್ಟ್ರಾಬೆರಿ ಅಂದ ಕೂಡಲೇ ಕಣ್ಣು ಮುಚ್ಚಿ ರೊಕ್ಕ ಎಣಿಸ್ತೀವಿ.

ನಾನೂ ಹಂಗ ಎಣಿಸಿದವನೇ. ಮೂರು ವರ್ಷದ ಹಿಂದೆ ಹತ್ತು ಗುಂಟೆಗೆ 5,500 ಸಸಿ, ಒಂದಕ್ಕೆ 12 ರೂಪಾಯಿ. ಎಲ್ಲಾ ಒಂದೇ ತಳಿ ಅಂತ ಏಜೆಂಟ ಹೇಳಿದ. ಹಣ್ಣು ಬಿಟ್ಟ ಮೇಲೆ ನೋಡಿದರೆ ಒಂದೇ ಮಡಿಯಲ್ಲಿ ಎರಡು ನಮೂನೆ. ಒಂದು ಮೆತ್ತಗೆ, ಕಿತ್ತಳೆಗೆಂಪು. ಇನ್ನೊಂದು ತಡವಾಗಿ ಬಂದದ್ದು, ಗಟ್ಟಿ, ಕಡುಗೆಂಪು. ಮೊದಲಿನದು ಸ್ವೀಟ್ ಚಾರ್ಲಿ, ಎರಡನೆಯದು ಕ್ಯಾಮರೋಸಾ ಅಂತ ಆಮೇಲೆ ಗೊತ್ತಾಯಿತು. ಎರಡನ್ನೂ ಒಂದೇ ಡಬ್ಬಿಗೆ ತುಂಬಿ ಗೋವಾಕ್ಕೆ ಕಳಿಸಿದೆ. ಘಟ್ಟ ಇಳಿಯೋದರೊಳಗೆ ಮೆತ್ತಗಿನವು ರಸ ಬಿಟ್ಟು ಗಟ್ಟಿಯವನ್ನೂ ಕೆಡಿಸಿದವು. ವ್ಯಾಪಾರಿ ಅರ್ಧ ದುಡ್ಡೂ ಕೊಡಲಿಲ್ಲ. ಅವನದೇನೂ ತಪ್ಪಿಲ್ಲ ಬಿಡ್ರಿ.

ಈಗ ಮೊಬೈಲ್ ತೆರೆದರೆ "ನಂಬರ್ ಒನ್ ತಳಿ" ಅಂತ ವಿಡಿಯೋಗಳು. ಯಾರಿಗೆ ನಂಬರ್ ಒನ್? ಸ್ವೀಟ್ ಚಾರ್ಲಿ 1992ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಹೊರಬಂದ ತಳಿ. ಬೇಗ ಬಿಡುತ್ತದೆ, ಹುಳಿ ಕಡಿಮೆ, ಆದರೆ ಪ್ರಯಾಣ ತಾಳೋದಿಲ್ಲ. ಕ್ಯಾಲಿಫೋರ್ನಿಯಾದ ಕ್ಯಾಮರೋಸಾ ದೊಡ್ಡ ಹಣ್ಣು, ಲಾರಿಯ ಕುಲುಕಾಟ ತಡೀತೈತಿ. ವಿಂಟರ್ ಡಾನ್ ಕೂಡ ಫ್ಲೋರಿಡಾದ್ದು, ಬೇಗ ಬರುತ್ತದೆ, ಗಾತ್ರ ಒಳ್ಳೇದು, ನನ್ನ ನಾಲಿಗೆಗೆ ಮಾತ್ರ ಸಪ್ಪೆ. ಇದರಲ್ಲಿ ಕೆಟ್ಟ ತಳಿ ಯಾವುದೂ ಇಲ್ಲ. ತಪ್ಪು ಜಾಗಕ್ಕೆ ಹೋದ ತಳಿ ಇರ್ತಾವ ಅಷ್ಟ.

ಇನ್ನೊಂದು ಮಾತು ಯಾವ ಏಜೆಂಟನೂ ಹೇಳೋದಿಲ್ಲ. ಮಾವು, ಬಾಳೆ ಕಿತ್ತ ಮೇಲೂ ಹಣ್ಣಾಗ್ತಾವ. ಸ್ಟ್ರಾಬೆರಿ ಹಂಗಲ್ಲ. ಕಿತ್ತ ಮೇಲೆ ಬಣ್ಣ ಏರುತ್ತದೆ, ಸಿಹಿ ಏರೋದಿಲ್ಲ. ದೂರ ಕಳಿಸುವವರು ಮುಕ್ಕಾಲು ಕೆಂಪಿಗೇ ಕೀಳಬೇಕು. ಅಂದರೆ ಹುಳಿ ಹಣ್ಣನ್ನೇ ಡಬ್ಬಿಗೆ ಹಾಕಬೇಕು.

ಮಹಾಬಳೇಶ್ವರದವರಿಗೆ ಅದು ಅನಿವಾರ್ಯ. ಅವರ ಮಾಲು ಮುಂಬೈ, ಪುಣೆಗೆ ಹೋಗಬೇಕು. 2010ರಲ್ಲಿ ಅವರ ಹಣ್ಣಿಗೆ ಜಿಐ ಟ್ಯಾಗ್ ಕೂಡ ಬಂದೈತಿ, ಹೆಸರಿಗೇ ಗಿರಾಕಿ ಇದ್ದಾರೆ. ನಮ್ಮ ಹೊಲದಿಂದ ಬೆಳಗಾವಿ ಪೇಟೆ ಮುಕ್ಕಾಲು ತಾಸು. ಅವರ ಗಟ್ಟಿ ಹಣ್ಣನ್ನೇ ನಾವೂ ಬೆಳೆದು, ಅವರ ಡಬ್ಬಿಯ ಪಕ್ಕದಲ್ಲೇ ಇಟ್ಟು ಯಾಕ ಸೋಲಬೇಕು? ಮುಂಜಾನೆ ಪೂರ್ತಿ ಕೆಂಪಾದದ್ದನ್ನೇ ಕಿತ್ತು, ಮಧ್ಯಾಹ್ನದೊಳಗೆ ಮಾರಿ ಮುಗಿಸುವವನಿಗೆ ಮೆತ್ತಗಿನ ಸಿಹಿ ತಳಿಯೇ ಬಂಡವಾಳ. ಹೋದ ವರ್ಷದಿಂದ ನಾನು ನಾಲ್ಕೇ ಗುಂಟೆಗೆ ಇಳಿದೆ, ಬರೀ ಸ್ವೀಟ್ ಚಾರ್ಲಿ. ಗೋವಾದ ಗಿರಾಕಿ ಗಟ್ಟಿ ಇದ್ದವರು ಕ್ಯಾಮರೋಸಾ ಹಾಕ್ರಿ, ಬ್ಯಾಡ ಅನ್ನೋದಿಲ್ಲ. ಒಂದೇ ಮಡಿಯಲ್ಲಿ ಎರಡು ಮಾತ್ರ ಬ್ಯಾಡ.

ಮನೆ ಹಿತ್ತಲಿಗೆ, ಕುಂಡಕ್ಕೆ ಕೇಳುವ ಅಕ್ಕಂದಿರಿಗೂ ಇದೇ ಉತ್ತರ. ಆನ್‌ಲೈನ್‌ನಲ್ಲಿ ಬರುವ ನೀಲಿ ಸ್ಟ್ರಾಬೆರಿ ಬೀಜ ಶುದ್ಧ ಮೋಸ, ಅಂಥ ಹಣ್ಣೇ ಇಲ್ಲ. ಕೆಂಪು ಹಣ್ಣಿನ ಬೀಜ ಹಾಕಿದರೂ ತಾಯಿಯಂಥ ಗಿಡ ಬರೋದಿಲ್ಲ. ಗಿಡ ಬಿಡುವ ರನ್ನರ್ ಬಳ್ಳಿಯಿಂದಲೇ ಸಸಿ ಮಾಡಬೇಕು. "ವರ್ಷಪೂರ್ತಿ ಹಣ್ಣು" ಅಂತ ಮಾರುವ ತಳಿಗಳಿಗೆ ಹಗಲು ಉದ್ದ ಇದ್ದರೂ ಹೂ ಬರುತ್ತದೆ ನಿಜ. ಆದರೆ ನಮ್ಮ ಏಪ್ರಿಲ್ ಬಿಸಿಲಿಗೆ ಅವೂ ಕೈ ಎತ್ತುತ್ತಾವ.

ಮಳೆ ಇಳಿದ ಮೇಲೆ, ಸಪ್ಟೆಂಬರ್ ಕೊನೆಗೆ ನಾಟಿ. ಬುಕಿಂಗ್ ಈಗಲೇ ಶುರುವಾಗೈತಿ. ಮುಂಗಡ ಕೊಡುವ ಮೊದಲು ಬಿಲ್ಲಿನ ಮ್ಯಾಲೆ ತಳಿ ಹೆಸರು ಬರೆಸಿಕೊಳ್ಳಿ. ಬರೆಯೋದಿಲ್ಲ ಅಂದವನ ಹತ್ತಿರ ಚಹಾನೂ ಕುಡಿಯಬ್ಯಾಡ್ರಿ. ನನ್ನ ಹತ್ತಿರ ಮಾರಾಕ ಸಸಿ ಇಲ್ಲ, ಅದಕ್ಕ ಫೋನ್ ಮಾಡಬ್ಯಾಡ್ರಿ. ಮನೆಗೆ ಐದು-ಹತ್ತು ಬೇಕಾದವರು ಹೊಲಕ್ಕೆ ಬಂದು ರನ್ನರ್ ಕಿತ್ತುಕೊಂಡು ಹೋಗ್ರಿ. ಬರುವಾಗ ಒದ್ದೆ ಗೋಣಿಚೀಲ ನೀವೇ ತರ್ರಿ.